ಶ್ರೀಪಾದ ಮಾಸ್ತರರ ಸದ್ದಿಲ್ಲದ ಸವಾರಿ

ಸೈಕಲ್ಲು ಕುಂಯ್ ಎಂದದ್ದೇ ಎಲ್ಲಕ್ಕೂ ಮೂಲ.

ಸವಣೂರಿನ ಹೈಸ್ಕೂಲೊಂದರಲ್ಲಿ ಚಿತ್ರಕಲೆ ಕಲಿಸುವ ಶ್ರೀಪಾದ ಮಾಸ್ತರರು ತಮ್ಮ ಕರೆಂಟಿನ ಸೈಕಲ್ಲಿಗೆ ಮನಸೋತದ್ದು ಅದರ ಮೌನಕ್ಕಾಗಿ. ಬಲಗೈಯ ಹಿಡಿಕೆಯನ್ನು ತುಸು ತಿರುವಿದರೆ ಸಾಕು, ಪೆಡಲ್ ತುಳಿಯುವ ಕೆಲಸವಿಲ್ಲದೆ ಅದು ನೀರಿಗೆ ಬಿಟ್ಟ ಎಲೆಯ ಹಾಗೆ ತೇಲಿಕೊಂಡು ಹೊರಡುತ್ತಿತ್ತು. ಸಂಜೆ ಶಾಲೆ ಬಿಟ್ಟ ಮೇಲೆ ಊರಾಚೆಯ ವೀಳ್ಯದ ಎಲೆಬಳ್ಳಿ ತೋಟಗಳ ನಡುವೆ ಒಂದು ಸುತ್ತು ಹೋಗಿಬರುವುದು ಅವರ ರೂಢಿ. ಬಳ್ಳಿಯ ನೆರಳು, ತೇವದ ಗಾಳಿ, ದೂರದ ಮಸೀದಿಯಿಂದ ಬರುವ ಬಾಂಗಿನ ದನಿ, ಇವುಗಳ ಒಳಗೆ ಹಾದುಹೋಗುವಾಗ ತಾವು ಐವತ್ತು ದಾಟಿದವರು ಎನ್ನುವುದೇ ಮಾಸ್ತರರಿಗೆ ಮರೆತುಹೋಗುತ್ತಿತ್ತು. ಅಂಥ ಒಂದು ಸಂಜೆ ಅವರು ಎದುರಿಗೆ ಬಂದ ಎಮ್ಮೆಗೆ ನಮಸ್ಕಾರ ಮಾಡಿದ್ದನ್ನು ಕಣ್ಣಾರೆ ಕಂಡವರಿದ್ದಾರೆ.

ಆ ಸೈಕಲ್ಲು ಒಂದು ದಿನ ಕುಂಯ್ ಎಂದಿತು. ಮಾಸ್ತರರು ಯಾವುದೋ ಹಕ್ಕಿ ಎಂದುಕೊಂಡರು. ಮರುದಿನವೂ ಅದೇ ದನಿ ಕೇಳಿದಾಗ, ಹಕ್ಕಿ ತಮ್ಮನ್ನು ಹಿಂಬಾಲಿಸುತ್ತಿದೆ ಎಂದು ಅವರಿಗೆ ಸಂತೋಷವೇ ಆಯಿತು. ಎಣ್ಣೆ ಕಾಣದೆ ಒಣಗಿದ್ದ ಚೈನು ಕಡೆಗೆ ಬಜಾರದ ನಟ್ಟನಡುವೆ ಕಳಚಿ ಗಾಲಿಗೆ ಸಿಕ್ಕಿಕೊಂಡಿತು. ಹಿಂದೆ ಕುಳಿತಿದ್ದ ಹೆಂಡತಿ ಪದ್ಮಾಬಾಯಿಯ ಇಳಕಲ್ ಸೀರೆಯ ಅಂಚಿಗೆ ಮಸಿ ಹತ್ತಿತು. ಆಕೆ ಒಂದು ಮಾತೂ ಆಡದೆ ಬಿಸಿಲಿನಲ್ಲಿ ನಡೆದುಕೊಂಡು ಮನೆಗೆ ಬಂದರು. ಆಡಿದ್ದರೆ ವಾಸಿಯಿತ್ತು ಎಂದು ಮಾಸ್ತರರಿಗೆ ಅನಿಸಿತು.

ಮಾತು ಬಂದದ್ದು ಮರುದಿನ ಬೆಳಗಿನ ಚಹಾದ ಜೊತೆಗೆ.

“ರವಿವಾರ ಸಂಜಿಕ್ಕ ನನ್ನ ಕೂಡಿಸ್ಕೊಂಡು ಮಠಕ್ಕ ಹೋಗಿ ಬರ್ರಿ. ನಡುವ ಎಲ್ಲೂ ನಿಲ್ಲಲಿಲ್ಲಾ ಅಂದ್ರ ಸೈಕಲ್ಲು ಮನ್ಯಾಗ ಇರ್ಲಿ. ನಿಂತ್ರ ಫಕ್ಕೀರೇಶಗ ಕೊಟ್ಟಬಿಡ್ರಿ. ಅಂವಾ ಎಲಿ ಹೊರೂದಕ್ಕರೆ ಬಳಸ್ತಾನ.”

ಫಕ್ಕೀರೇಶ ಎಲೆ ತೋಟದವನು. ಎಲೆಯ ಪೆಂಡಿಗಳನ್ನು ಬಜಾರಕ್ಕೆ ಸಾಗಿಸಲು ಈ ಸೈಕಲ್ಲು ಸಿಕ್ಕರೆ ಹೇಗೆ ಎಂದು ಅವನು ಬಹಳ ದಿನದಿಂದ ಕೇಳುತ್ತಲೇ ಇದ್ದ. ಮಾಸ್ತರರು ಏನೋ ಯೋಚನೆಯಲ್ಲಿ ಹೂಂ ಎಂದುಬಿಟ್ಟರು. ಹೂಂ ಎಂದದ್ದು ಯಾವುದಕ್ಕೆ ಎಂದು ಆಮೇಲೆ ಹೊಳೆಯಿತು. ಅಷ್ಟರಲ್ಲಿ ಪದ್ಮಾಬಾಯಿ ಫಕ್ಕೀರೇಶನಿಗೆ ಫೋನು ಮಾಡಿಯೂ ಆಗಿತ್ತು.

ರವಿವಾರ ಬೆಳಿಗ್ಗೆಯೇ ಮಾಸ್ತರರು ಅಂಗಳದಲ್ಲಿ ಸೈಕಲ್ಲಿನ ಸೇವೆಗೆ ಕುಳಿತರು. ಒದ್ದೆ ಬಟ್ಟೆಯಿಂದ ಮೈಯೆಲ್ಲ ಒರೆಸಿದರು. ಚೈನಿನ ಸಂದಿಗಳಲ್ಲಿ ಕೂತ ಮಣ್ಣನ್ನು ಬ್ರಶ್ಶಿನಿಂದ ತಿಕ್ಕಿದರು. ಅದು ದೇವರ ಪಾತ್ರೆ ತಿಕ್ಕುವ ಬ್ರಶ್ಶೆಂದು ಗೊತ್ತಾದಾಗ ಅದನ್ನು ಯಾರಿಗೂ ಕಾಣದಂತೆ ತೆಂಗಿನ ಗಿಡದ ಬುಡದಲ್ಲಿ ಹೂಳಿದರು. ಹೊಲಿಗೆ ಮಷೀನಿನ ಎಣ್ಣೆಯನ್ನು ಹನಿಹನಿಯಾಗಿ ಬಿಟ್ಟು, ಗಾಲಿಗೆ ಗಾಳಿ ಹೊಡೆದು, ಸಡಿಲವಾಗಿದ್ದ ಬ್ರೇಕಿನ ತಂತಿ ಬಿಗಿದು, ಚಾರ್ಜು ತುಂಬಿದ ಬ್ಯಾಟರಿ ಕೂಡಿಸಿದರು. ಹಿಂದಿನ ಗಾಲಿ ಎತ್ತಿ ಹಿಡಿಕೆ ತಿರುವಿದರೆ, ಆಹಾ, ಸದ್ದೇ ಇಲ್ಲ. ಗಾಲಿಯ ಕಡ್ಡಿಗಳು ಕರಗಿ ಬೆಳ್ಳಗಿನ ಒಂದು ಮಂಜಾಗಿ ಕಂಡವು. ಮಾಸ್ತರರು ಅದನ್ನೇ ನೋಡುತ್ತ ಎಷ್ಟೋ ಹೊತ್ತು ಕುಳಿತರು.

ಊಟವಾದ ಮೇಲೆ ಕಣ್ಣಿಗೆ ಜೊಂಪು ಹತ್ತಿತು. ಕನಸಿನಲ್ಲಿ ಸೈಕಲ್ಲು ನೆಲ ಬಿಟ್ಟು ಮೇಲೆದ್ದಿತ್ತು. ಕೆಳಗೆ ಮಸೀದಿಯ ಗುಮ್ಮಟಗಳು ಮಗುಚಿಟ್ಟ ಬಟ್ಟಲಿನಂತೆ ಕಾಣುತ್ತಿದ್ದವು, ಎಲೆ ತೋಟಗಳು ಗಾಳಿಗೆ ಅಲೆಯಾಗಿ ಏಳುತ್ತಿದ್ದವು. ಹಿಂದೆ ಕುಳಿತ ಪದ್ಮಾಬಾಯಿ ಮದುವೆಯಾದ ಹೊಸತರಲ್ಲಿನಂತೆ ನಗುತ್ತ, ಇನ್ನೂ ಮೇಲೆ ಹೋಗೋಣ ಎನ್ನುತ್ತಿದ್ದರು.

ಎದ್ದು ಅಂಗಳಕ್ಕೆ ಬಂದರೆ ಸೈಕಲ್ಲು ಮದುಮಗನಂತೆ ಸಿಂಗಾರಗೊಂಡಿತ್ತು. ದೀಪದ ಮೇಲೆ ಕುಂಕುಮ, ಎಡಗಡೆಯ ಹಿಡಿಕೆಗೆ ದಂಡಿಯಾಗಿ ಸೇವಂತಿಗೆ, ಅದರ ಮೇಲೆ ಮಠದಿಂದ ತಂದ ಕೆಂಪು ದಾರವನ್ನು ಸುತ್ತಿ ಸುತ್ತಿ ಬಿಗಿಯಾಗಿ ಕಟ್ಟಿದ್ದರು. ಪದ್ಮಾಬಾಯಿ ಏನೂ ಅರಿಯದವರಂತೆ ತುಳಸಿಗೆ ನೀರು ಹಾಕುತ್ತಿದ್ದರು. ಷರತ್ತು ಹಾಕಿದವಳೇ, ಗಂಡ ಗೆಲ್ಲಲಿ ಎಂದು ಹರಕೆಯನ್ನೂ ಹೊತ್ತಿದ್ದಾಳೆ ಎಂದುಕೊಂಡರು ಮಾಸ್ತರರು.

ಪೂಜೆಯ ಹೂವಿಗೆ ಕೈ ತಾಗದಂತೆ ಸೈಕಲ್ಲು ಹತ್ತಿ, ಚಾವಿ ತಿರುವಿ, ಬಲಗೈ ಹಿಡಿಕೆ ತಿರುವಿದರು. ಸೈಕಲ್ಲು ಮಿಸುಕಲಿಲ್ಲ. ಮತ್ತೆ ತಿರುವಿದರು. ಹಿಂದಿನ ಕೆಂಪು ದೀಪವೊಂದು ಬೆಳಗುತ್ತಿದ್ದುದು ಬಿಟ್ಟರೆ ಅದರಲ್ಲಿ ಜೀವದ ಲಕ್ಷಣವೇ ಇರಲಿಲ್ಲ.

ಪಕ್ಕದ ಮನೆಯಲ್ಲಿ ಮಾರಲು ಖಾರದ ತಿಂಡಿ ಕರಿಯುವ ಜಾವೇದ ಕಾಂಪೌಂಡಿನ ಮೇಲಿಂದ ಬಗ್ಗಿ ನೋಡಿದ.

“ದೀಪ ಹತ್ತೇತ್ರಿ ಮಾಸ್ತರ, ಅಂದ್ರ ಕರೆಂಟ್ ಐತಿ. ಎಣ್ಣಿ ಸಾಲವಲ್ದು ಅದಕ್ಕ.”

ಹೊಲಿಗೆ ಮಷೀನಿನ ಎಣ್ಣೆ ಹೆಂಗಸರ ಕೆಲಸಕ್ಕೆ ಸರಿ, ಭಾರ ಎಳೆಯುವ ಗಾಡಿಗೆ ಬೇರೆಯೇ ಬೇಕು ಎಂದು ಬುದ್ಧಿ ಹೇಳಿ, ಅವನು ಬಾಣಲೆಯಿಂದ ಇಳಿಸಿದ ಶೇಂಗಾ ಎಣ್ಣೆಯನ್ನು ತಂದು ಚೈನಿನ ಮೇಲೆ ಸುರಿದೇಬಿಟ್ಟ. ಸೈಕಲ್ಲು ಹೊರಡಲಿಲ್ಲ. ಆದರೆ ಅದರ ಮೈಯಿಂದ ಹೊರಟ ಖಾರದ ಘಮಕ್ಕೆ ಓಣಿಯ ನಾಯಿಗಳು ಬಂದು ಸುತ್ತಲೂ ಶಿಸ್ತಾಗಿ ಕುಳಿತವು.

ಹೊತ್ತಿಗೆ ಮುಂಚೆಯೇ ಫಕ್ಕೀರೇಶನೂ ಬಂದ. ತನ್ನದಾಗಲಿರುವ ಗಾಡಿ ಎಂಬ ಅಕ್ಕರೆಯಿಂದ ಅವನು ಸ್ಕ್ರೂಡ್ರೈವರು ಹಿಡಿದ. ಬ್ಯಾಟರಿ ಕುಂತಿದೆ ಎಂದು ಬ್ಯಾಟರಿ ತೆಗೆದ. ವಾಯರು ಸಡಿಲಾಗಿದೆ ಎಂದು ವಾಯರು ಕಿತ್ತು ಮತ್ತೆ ಜೋಡಿಸಿದ. ಜಾವೇದ ಸೀಟನ್ನೂ ಬಿಚ್ಚಿದ. ಅದು ಯಾಕೆ ಎಂದು ಕೇಳಿದರೆ, ಒಳಗೆ ಏನಿದೆ ನೋಡಬೇಕಿತ್ತು ಎಂದ. ಮಠದ ದಾರ, ಪೂಜೆಯ ಹೂವು, ಅದನ್ನು ಮಾತ್ರ ಇಬ್ಬರೂ ಮುಟ್ಟಲಿಲ್ಲ. ಅದೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಬಿಚ್ಚಿ ಮತ್ತೆ ಕಟ್ಟಿದರು. ಕಟ್ಟಿಯಾದ ಮೇಲೆ ನೆಲದಲ್ಲಿ ಒಂದು ಹಿಡಿ ಬೋಲ್ಟು ಉಳಿದವು. ಅವು ಬೇಕಾಗುವಂಥವಲ್ಲ ಎಂದು ಫಕ್ಕೀರೇಶ ಧೈರ್ಯ ಹೇಳಿದ.

ಅಷ್ಟರಲ್ಲಿ ಪದ್ಮಾಬಾಯಿ ರೇಷ್ಮೆ ಸೀರೆ ಉಟ್ಟು, ಮಠಕ್ಕೆ ಒಯ್ಯುವ ಹಣ್ಣು ಹಿಡಿದುಕೊಂಡು ಬಂದು ಹಿಂದೆ ಕುಳಿತರು. ಮಾಸ್ತರರು ದೇವರ ಹೆಸರು ಹೇಳಿ ಪೆಡಲ್ ತುಳಿದರು. ಮೋಟಾರಿನ ಬಲವಿಲ್ಲದ ಆ ಸೈಕಲ್ಲು ತುಂಬಿದ ಕಣಜದಷ್ಟು ಭಾರ. ಜಾವೇದ, ಫಕ್ಕೀರೇಶ ಹಿಂದಿನಿಂದ ನೂಕಿದರು. ನಾಯಿಗಳು ಮೂಸುತ್ತ ಬೆನ್ನು ಹತ್ತಿದವು. ಕಟ್ಟೆಯ ಮೇಲೆ ಕುಳಿತವರು ಎದ್ದು ನಿಂತು ದಾರಿ ಬಿಟ್ಟರು. ಕೆಲವರು ಏನೋ ಮಂಗಳಕಾರ್ಯವಿರಬೇಕೆಂದು ಕೈಯನ್ನೂ ಮುಗಿದರು. ಓಣಿಯ ತಿರುವಿನವರೆಗೆ ಹೀಗೆ ಸಾಗಿ, ನೂಕುವವರ ಉಸಿರು ಮುಗಿದಲ್ಲಿ ಸವಾರಿಯೂ ಮುಗಿಯಿತು.

ಪದ್ಮಾಬಾಯಿ ಇಳಿದರು. ತಲೆ ತಗ್ಗಿಸಿ ಸೀರೆಯ ನಿರಿಗೆ ಸರಿಮಾಡಿಕೊಂಡರು. ಮಾಸ್ತರರೇ ಮೆಲ್ಲಗೆ ಹೇಳಿದರು: “ಒಯ್ಯೋ ಫಕ್ಕೀರೇಶ. ಮಾತು ಅಂದ್ರ ಮಾತು. ಇನ್ನ ಇದು ನಿಂದು.”

ರಿಪೇರಿಗೆ ಶಿಗ್ಗಾಂವಿಗೆ ಕಳಿಸುತ್ತೇನೆ ಎನ್ನುತ್ತ ಫಕ್ಕೀರೇಶ ಸೈಕಲ್ಲು ಹತ್ತಿದ. ಆಗ ಪದ್ಮಾಬಾಯಿ ಮುಂದೆ ಬಂದರು.

“ತಡಿಯಪ್ಪಾ. ದಾರ ನಮ್ಮ ಮಠದ್ದು ಅದ, ಮಂದಿ ಮನಿಗೆ ಹೋಗೂದು ಬ್ಯಾಡ.”

ಗಂಟು ಬಿಚ್ಚಿ, ಸುತ್ತು ಸುತ್ತಾಗಿ ದಾರ ತೆಗೆದರು. ಹೂವು ಉದುರಿತು. ಹೂವಿನಡಿ ದಾರದ ಬಿಗಿಗೆ ಹಿಡಿಕೆಯತ್ತ ತುಸು ಒತ್ತಿಕೊಂಡಿದ್ದ ಬ್ರೇಕು ಟಿಕ್ ಎಂದು ಮುಂದಕ್ಕೆ ಚಿಮ್ಮಿತು. ಹಿಂದಿನ ಕೆಂಪು ದೀಪ ಆರಿತು. ಬಂದಾಗಿನಿಂದ ತಿರುವಿ ತಿರುವಿ ಅಭ್ಯಾಸವಾಗಿದ್ದ ಫಕ್ಕೀರೇಶ ಸುಮ್ಮನೆ ಬಲಗೈ ತಿರುವಿದ. ಸೈಕಲ್ಲು ಅವನನ್ನು ಹೊತ್ತುಕೊಂಡು, ಒಂದಿಷ್ಟೂ ಸದ್ದಿಲ್ಲದೆ, ಎಲೆ ತೋಟದ ದಾರಿ ಹಿಡಿದು ತೇಲಿ ಹೋಯಿತು. ನಾಯಿಗಳೂ ಅದರ ಹಿಂದೆಯೇ ಹೋದವು.

ಬ್ರೇಕು ಹಿಡಿದರೆ ಮೋಟಾರು ತಾನಾಗಿಯೇ ನಿಲ್ಲುತ್ತದೆ, ಹಿಂದಿನ ದೀಪ ಹತ್ತುತ್ತದೆ ಎಂದು ಕೊಂಡ ದಿನವೇ ಅಂಗಡಿಯವನು ಹೇಳಿದ್ದು ಮಾಸ್ತರರಿಗೆ ಈಗ ನೆನಪಾಯಿತು. ಅವನು ಹೇಳುವಾಗ ಅವರು ಕಿಟಕಿಯಾಚೆಯ ಮೋಡ ನೋಡುತ್ತಿದ್ದರು. ಫಕ್ಕೀರೇಶನನ್ನು ಕೂಗಬೇಕೆಂದು ಬಾಯಿ ತೆರೆದರು. ಕೂಗಿದರೆ ಕಾರಣವನ್ನೂ ಹೇಳಬೇಕು.

ಪದ್ಮಾಬಾಯಿಯ ಕಣ್ಣಲ್ಲಿ ನೀರಿತ್ತು.

“ನಿಮಗ ಅದರ ಮ್ಯಾಲ ಎಷ್ಟು ಜೀವ ಅದ, ನನಗ ಗೊತ್ತಿಲ್ಲೇನು? ನಡುವ ನಿಲ್ಲಬಾರದು ಅಂತನ ದಾರ ಕಟ್ಟಿದ್ದೆ. ಗಾಡಿಗೆ ಫಲಾ ಕೊಡಲಿಲ್ಲ. ನಿಮಗರೆ ಇರ್ಲಿ, ಕೈ ಕೊಡ್ರಿ.”

ಮಾಸ್ತರರು ತೆರೆದ ಬಾಯಿ ಮುಚ್ಚಿ ಎಡಗೈ ಚಾಚಿದರು. ಪದ್ಮಾಬಾಯಿ ಸುತ್ತಿ ಸುತ್ತಿ, ಜಾರದಂತೆ ಬಿಗಿಯಾಗಿ ಗಂಟು ಹಾಕಿದರು. ಆಮೇಲೆ, ನಡೆದೇ ಮಠಕ್ಕೆ ಹೋಗಿ ಬರೋಣ ಎಂದು ಮುಂದೆ ಹೊರಟರು. ತೋಟದ ಕಡೆಯಿಂದ ತಣ್ಣನೆಯ ಗಾಳಿ ಬರುತ್ತಿತ್ತು. ಮಾಸ್ತರರು ಓಣಿಯ ತಿರುವಿನಲ್ಲಿ ನಿಂತೇ ಇದ್ದರು. ಅವರ ಬಲಗೈ ಗಾಳಿಯಲ್ಲಿ ಇಲ್ಲದ ಹಿಡಿಕೆಯನ್ನು ಮೆಲ್ಲಗೆ ತಿರುವುತ್ತಿತ್ತು, ಕಾಲು ಮಾತ್ರ ಮುಂದಕ್ಕೆ ಬರಲಿಲ್ಲ.