ಬೆನ್ನುಹುರಿ ಕೊಟ್ಟ ಮಾತು

ಆ ಶನಿವಾರ ಪೃಥ್ವಿರಾಜ್ ಸಾಲ್ಯಾನನ ಬಾಯಿಂದ ಮೊದಲ 'ಆಯ್ತು' ಹೊರಬಿದ್ದದ್ದು ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ. ಆಗಿನ್ನೂ ಅವನು ಕಣ್ಣು ಬಿಟ್ಟಿರಲಿಲ್ಲ.

ಫೋನ್ ಮಾಡಿದ್ದು ಮೇಲಿನ ಮಹಡಿಯ ಚಂದ್ರಮತಿ ಅಕ್ಕ. "ಪೃಥ್ವಿ, ಮಲಗಿದ್ಯಾ? ಮಲಗು, ಮಲಗು. ಅಲ್ಲ, ನಮ್ಮ ನಾದಿನಿ ಇವತ್ತು ಊರಿಗೆ ಹೋಗುದು. ಇವರಿಗೆ ಡ್ಯೂಟಿ ಉಂಟು. ಏರ್‌ಪೋರ್ಟ್ ಇಲ್ಲೇ ಪಕ್ಕ ಅಲ್ವಾ, ಒಮ್ಮೆ ಬಿಟ್ಟು ಬರ್ತೀಯಾ?"

"ಆಯ್ತು ಅಕ್ಕ."

ಫೋನ್ ಇಟ್ಟ ಮೇಲೆ ಅವನಿಗೆ ಎಚ್ಚರವಾಯಿತು. ತಾನು ಏನು ಹೇಳಿದೆ ಎಂಬುದು ಅದಕ್ಕಿಂತಲೂ ತಡವಾಗಿ ಗೊತ್ತಾಯಿತು. ದುಬೈಯ ಮಿರ್ದಿಫ್‌ನಲ್ಲಿ ಮನೆ ಮಾಡಿದವರ ಹಣೆಬರಹವೇ ಇದು. ವಿಮಾನ ನಿಲ್ದಾಣ ಹತ್ತಿರ ಎಂದು ಬಾಡಿಗೆಗೆ ಹಿಡಿದ ಮನೆ, ಆಮೇಲೆ ಊರವರಿಗೆಲ್ಲ ಹತ್ತಿರವಾಗುತ್ತದೆ.

ಪಾಪ, ಪೃಥ್ವಿರಾಜನಿಗೆ ಬೇಕಾಗಿದ್ದುದು ಬಹಳ ಸಣ್ಣ ಸಂಗತಿ. ಅವನ ಕೆಲಸ ದೂರದ ರುವೈಸಿನಲ್ಲಿ, ರಿಫೈನರಿಯ ವಾಲ್ವ್ ರಿಪೇರಿ ಮಾಡುವ ಒಂದು ಗುತ್ತಿಗೆ ಕಂಪನಿಯಲ್ಲಿ. ಹೆಂಡತಿ ಸುಪ್ರೀತಾಳಿಗೆ ದುಬೈಯ ಕ್ಲಿನಿಕ್ಕಿನಲ್ಲಿ ರಿಸೆಪ್ಷನ್, ಮಗಳು ಅಮಿತಾಳಿಗೆ ಇಲ್ಲೇ ಶಾಲೆ. ಶುಕ್ರವಾರ ಡ್ಯೂಟಿ ಮುಗಿಸಿ ನಾಲ್ಕು ತಾಸು ಬಸ್ಸಿನಲ್ಲಿ ಕೂತು ನಡುರಾತ್ರಿ ಮನೆಗೆ ಬಂದರೆ ಭಾನುವಾರ ಬೆಳಿಗ್ಗೆ ಮತ್ತೆ ಅದೇ ಬಸ್ಸು. ನಡುವೆ ಇರುವುದು ಒಂದೇ ಒಂದು ಶನಿವಾರ. ಆ ಶನಿವಾರ ಹಾಲ್‌ನಲ್ಲಿರುವ ಕಂದು ಬಣ್ಣದ ಸೋಫಾದ ಮೇಲೆ ಮಲಗಬೇಕು, ಅಷ್ಟೇ. ದೊಡ್ಡ ಆಸೆಯೂ ಒಂದಿತ್ತೆನ್ನಿ. ದುಬೈ ವರ್ಕ್‌ಶಾಪಿಗೆ ವರ್ಗ ಕೊಡಿ ಎಂದು ನಾಲ್ಕು ವರ್ಷದ ಹಿಂದೆ ಅರ್ಜಿ ಹಾಕಿದ್ದ. ಅದು ಸೂಪರ್‌ವೈಸರ್ ರಶೀದ ಸಾಹೇಬರ ಮೇಜಿನೊಳಗೆ ಇವನಿಗಿಂತ ಚೆನ್ನಾಗಿ ನಿದ್ದೆ ಮಾಡುತ್ತಿತ್ತು.

ಏರ್‌ಪೋರ್ಟಿನಲ್ಲಿ ನಾದಿನಿಯ ಪೆಟ್ಟಿಗೆ ನಾಲ್ಕು ಕಿಲೋ ಹೆಚ್ಚು ತೂಗಿತು. ಕೌಂಟರಿನ ಎದುರೇ ಟೇಪ್ ಕಿತ್ತು ಬಿಚ್ಚಿದರೆ ಒಳಗಿಂದ ಒಂದು ಪ್ರೆಶರ್ ಕುಕ್ಕರ್ ಹೊರಬಂತು.

"ಇದನ್ನು ನೀವೇ ಇಟ್ಕೊಳ್ಳಿ ಅಣ್ಣ. ಯಾರಾದ್ರೂ ಊರಿಗೆ ಹೋಗುವವರ ಕೈಲಿ ಕಳಿಸಿದ್ರೆ ಸಾಕು. ಆಗ್ತದಲ್ಲ?"

"ಆಯ್ತು."

ಕುಕ್ಕರನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಬಂದವನನ್ನು ಸುಪ್ರೀತಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಮೇಲಿಂದ ಕೆಳಗೆ ನೋಡಿದಳು. "ಅಲ್ಲಾ ಇವರೇ, ಮಂಗಳೂರಲ್ಲಿ ಕುಕ್ಕರ್ ಸಿಗುದಿಲ್ವಾ? ನೀವಾದ್ರೂ ಆಗುದಿಲ್ಲ ಅಂತ ಹೇಳ್ಬಾರ್ದಾ?"

"ಹೇಳ್ಬೇಕು ಅಂತ್ಲೇ ಇದ್ದೆ. ಬಾಯಿಗೆ ಬರ್ಲಿಲ್ಲ."

ಕುಕ್ಕರ್ ಇಡಲು ಜಾಗ ಹುಡುಕುತ್ತ ಒಲೆಯ ಬದಿಗೆ ಕೈ ಚಾಚಿದ. ಬೆರಳು ನೇರವಾಗಿ ಕಾದ ಕಾವಲಿಗೆ ತಾಗಿತು. ಕೈ ತಾನಾಗಿಯೇ ಹಿಂದಕ್ಕೆ ಹಾರಿತು, ಆಮೇಲೆ "ಅಯ್ಯೋ ದೇವೆರೆ!" ಎಂದ, ಅದಾದ ಮೇಲೆ ಉರಿ ಶುರುವಾಯಿತು.

ಊಟದ ಮೇಜಿನಲ್ಲಿ ಓದುತ್ತಿದ್ದ ಅಮಿತಾ ಕುರ್ಚಿ ಬಿಟ್ಟು ಎದ್ದಳು. ಒಂಬತ್ತನೇ ಕ್ಲಾಸು. ಸೋಮವಾರ ಬಯಾಲಜಿ ಪರೀಕ್ಷೆ, ಪಾಠ ನರಮಂಡಲ. ಅಪ್ಪನಿಗೆ ಮುಲಾಮು ತರುವ ಬದಲು ಪುಸ್ತಕ ತಂದಳು.

"ಪಪ್ಪಾ, ದಟ್ಸ್ ರಿಫ್ಲೆಕ್ಸ್! ಇಲ್ಲಿ ನೋಡಿ, ಸೇಮ್ ಡಯಾಗ್ರಾಂ. ಚರ್ಮದಿಂದ ಬಿಸಿ ಅಂತ ಮೆಸೇಜ್ ನರದಲ್ಲಿ ಬೆನ್ನುಹುರಿಗೆ ಹೋಯ್ತು. ಬೆನ್ನುಹುರಿ ಬ್ರೈನನ್ನು ಕೇಳ್ಲಿಕ್ಕೇ ಹೋಗುದಿಲ್ಲ. ತಾನೇ ಇನ್ನೊಂದು ನರದಲ್ಲಿ ಕೈಗೆ ಆರ್ಡರ್ ಕೊಡ್ತದೆ, ಎಳಿ ಅಂತ. ಬ್ರೈನ್‌ಗೆ ಲೇಟಾಗಿ ಗೊತ್ತಾಗುದು. ಆಗ್ಲೇ ನೋವು."

ಪೃಥ್ವಿರಾಜ ಬೆರಳನ್ನು ನಲ್ಲಿಯ ಕೆಳಗೆ ಹಿಡಿದು ಯೋಚಿಸಿದ. "ಅಂದ್ರೆ ಗ್ಯಾಸ್ ಲೀಕ್ ಆದಾಗ ಫೋರ್‌ಮನ್ ತಾನೇ ವಾಲ್ವ್ ಬಂದ್ ಮಾಡಿ, ಆಮೇಲೆ ಆಫೀಸಿಗೆ ಇಮೇಲ್ ಹಾಕಿದ ಹಾಗೆ."

"ಎಕ್ಸಾಕ್ಟ್ಲಿ!"

"ನಿಮ್ಮ ಆಯ್ತು ಕೂಡ ಅದೇ," ಎಂದಳು ಸುಪ್ರೀತಾ ದೋಸೆ ಮಗುಚುತ್ತ. "ಆದ್ರೆ ನಿಮ್ಮಲ್ಲಿ ಆಫೀಸಿಗೆ ಇಮೇಲೇ ಹೋಗುದಿಲ್ಲ."

"ಮಮ್ಮೀ, ಟೆಕ್ನಿಕಲಿ ಮಾತಾಡ್ಲಿಕ್ಕೆ ಬ್ರೈನ್ ಬೇಕೇ ಬೇಕು," ಎಂದಳು ಅಮಿತಾ. ಅಪ್ಪನ ಮುಖವನ್ನು ಒಂದು ಕ್ಷಣ ನೋಡಿ, "ಬಟ್ ಪಪ್ಪ ಸ್ಪೆಷಲ್ ಕೇಸ್," ಎಂದು ಸೇರಿಸಿದಳು.

ಇದರಲ್ಲಿ ನಗುವಂಥದ್ದು ಇತ್ತು, ಆದರೆ ಸುಪ್ರೀತಾ ನಗಲಿಲ್ಲ. ಅವಳ ಕಣ್ಣು ಗಡಿಯಾರದ ಮೇಲಿತ್ತು. ಶನಿವಾರ ಸಂಜೆ ಆದರೆ ಸಾಕು, ರಶೀದ ಸಾಹೇಬರ ಫೋನ್ ಬರುತ್ತಿತ್ತು. "ಪೃಥ್ವೀ, ಒಂದು ಉಪಕಾರ ಆಗ್ಬೇಕಿತ್ತಲ್ಲ ಮಾರಾಯ" ಎಂದು ಅವರು ಶುರು ಮಾಡಿದರೆ ಇವನು "ಆಯ್ತು ಸರ್" ಎನ್ನುತ್ತಿದ್ದ. ಯಾರದೋ ಬದಲಿ ಡ್ಯೂಟಿ ತಲೆಗೆ ಬಿದ್ದು, ಭಾನುವಾರ ಬೆಳಿಗ್ಗೆಯ ಬಸ್ಸು ಶನಿವಾರ ಸಂಜೆಯ ಬಸ್ಸಾಗುತ್ತಿತ್ತು. ಮೂರು ವಾರದಿಂದ ಮನೆಯ ಮೂವರು ಒಟ್ಟಿಗೆ ಕೂತು ರಾತ್ರಿಯ ಊಟ ಮಾಡಿರಲಿಲ್ಲ.

"ಇವತ್ತು ಒಂದು ದಿನ ಆಗುದಿಲ್ಲ ಅಂತ ಹೇಳಿ. ಇಲ್ಲದಿದ್ರೆ ನೀವು ಬರುದೇ ಬೇಡ, ಅಲ್ಲೇ ಇರಿ," ಎಂದಳು.

ಅಮಿತಾಳೇ ದಾರಿ ತೋರಿಸಿದಳು. "ಕೆಲವು ರಿಫ್ಲೆಕ್ಸ್ ಕಲಿಸ್ಬಹುದು ಪಪ್ಪಾ. ನಾಯಿಗೆ ಊಟ ಹಾಕುವಾಗ ಪ್ರತಿ ಸಲ ಗಂಟೆ ಹೊಡೆದ್ರೆ, ಆಮೇಲೆ ಬರೀ ಗಂಟೆ ಕೇಳಿದ್ರೂ ಜೊಲ್ಲು ಬರ್ತದೆ. ಉಪಕಾರ ಅನ್ನುದು ನಿಮ್ಮ ಗಂಟೆ. ವಿ ವಿಲ್ ಟ್ರೇನ್ ಯು."

ಸೋಫಾದ ಮೇಲೆ ಮಲಗಬೇಕಿದ್ದವನನ್ನು ಸೋಫಾದ ಎದುರು ನಿಲ್ಲಿಸಲಾಯಿತು. ಮಗಳು ಸೌಟನ್ನು ಕಿವಿಗೆ ಹಿಡಿದು ದಪ್ಪ ದನಿ ತೆಗೆದಳು. "ಪೃಥ್ವೀ, ಒಂದು ಉಪಕಾರ ಆಗ್ಬೇಕಿತ್ತಲ್ಲ ಮಾರಾಯ!"

"ಆಯ್..."

ಸೌಟು ಮೇಜಿನ ಮೇಲೆ ಟಪ್ಪೆಂದಿತು. "ನೋ! ಅಗೇನ್!"

"ಆಗುದಿಲ್ಲ ಸರ್," ಎಂದ ಹದಿನಾಲ್ಕನೇ ಸಲಕ್ಕೆ. ಅದೂ ತಪ್ಪು ಒಪ್ಪಿಕೊಂಡ ದನಿಯಲ್ಲಿ. ಮೂವತ್ತನೇ ಸಲಕ್ಕೆ ಸ್ವಲ್ಪ ಗಟ್ಟಿಯಾಯಿತು. ಅರವತ್ತು ದಾಟುವಾಗ 'ಒಂದು' ಎಂದರೆ ಸಾಕು, ಉಪಕಾರದ 'ಉ' ಹುಟ್ಟುವ ಮೊದಲೇ "ಆಗುದಿಲ್ಲ ಸರ್, ಮನೆಯಲ್ಲಿ ಕೆಲಸ ಉಂಟು" ಎಂದು ಗುಂಡಿನ ಹಾಗೆ ಬರತೊಡಗಿತು. ಅವನ ಕಾಲು ನೋಯುತ್ತಿತ್ತು, ಬೆನ್ನು ನೋಯುತ್ತಿತ್ತು, ನಾಲಿಗೆಯೂ ದಣಿದಿತ್ತು.

ಹನ್ನೆರಡೂವರೆಗೆ ಬೆಲ್ ಆಯಿತು. ಕೆಳಗಿನ ಮನೆಯ ಟ್ರೆವರ್. "ಸಾಲ್ಯಾನ್ರೆ, ಒಂದು ಉಪಕಾರ. ವಾಷಿಂಗ್ ಮೆಷಿನ್ ಸ್ವಲ್ಪ..."

"ಆಗುದಿಲ್ಲ."

ಟ್ರೆವರ್ ಬಾಯಿ ತೆರೆದುಕೊಂಡೇ ನಿಂತ. ಒಂಬತ್ತು ವರ್ಷದಲ್ಲಿ ಈ ಬಾಗಿಲಲ್ಲಿ ಅವನು ಕೇಳದ ಮಾತು ಅದು. "ಹುಷಾರಿಲ್ವಾ?" ಎಂದು ಕೇಳಿ ಮೆಟ್ಟಿಲಿಳಿದು ಹೋದ. ಒಳಗೆ ತಾಯಿ ಮಗಳು ಚಪ್ಪಾಳೆ ತಟ್ಟಿದರು. ಪೃಥ್ವಿರಾಜನಿಗೆ ಹೆಸರಿಗೆ ತಕ್ಕ ಹಾಗೆ ಎದೆ ಅರ್ಧ ಇಂಚು ಅಗಲವಾಯಿತು.

"ಬನ್ನಿ, ಬಂಗುಡೆ ಗಸಿ ಆಗಿದೆ. ಊಟ ಮಾಡ್ತೀರಾ?" ಎಂದಳು ಸುಪ್ರೀತಾ.

"ಆಗುದಿಲ್ಲ, ಮನೆಯಲ್ಲಿ ಕೆಲಸ ಉಂಟು."

ಬೇಕಿತ್ತು, ಬೇಕೇ ಬೇಕಿತ್ತು ಎಂದು ಅವನು ಎಷ್ಟು ಹೇಳಿದರೂ ಬಂಗುಡೆಯ ದೊಡ್ಡ ತುಂಡು ಅಷ್ಟರಲ್ಲಿ ಮಗಳ ತಟ್ಟೆ ಸೇರಿತ್ತು. ಮೂರು ಗಂಟೆಗೆ ಚಂದ್ರಮತಿ ಅಕ್ಕ ಏರ್‌ಪೋರ್ಟಿನ ಋಣಕ್ಕೆ ಒಂದು ಡಬ್ಬ ಪಾಯಸ ತಂದರು. "ಸ್ವಲ್ಪ ತಗೊಳ್ತೀಯಾ ಪೃಥ್ವಿ?" ಎಂದು ಕೇಳಿದ್ದಕ್ಕೆ "ಆಗುದಿಲ್ಲ ಅಕ್ಕ" ಎಂದುಬಿಟ್ಟ. ಅಕ್ಕನ ಮುಖ ಬಾಡಿತು. "ಹೌದಪ್ಪ, ನಮ್ಮ ಪಾಯಸ ಯಾರಿಗೆ ಬೇಕು," ಎಂದು ಡಬ್ಬದ ಸಮೇತ ಮೇಲೆ ಹೋದರು.

"ಅಮಿತಾ, ಇದು ಸ್ವಲ್ಪ ಜಾಸ್ತಿ ಆಯ್ತಾ ಅಂತ," ಎಂದ ಅವನು ಹೆದರುತ್ತ.

"ಸಂಜೆವರೆಗೆ ಹಾಗೇ ಇರ್ಲಿ ಪಪ್ಪಾ. ಫೋನ್ ಬಂದ ಮೇಲೆ ಅನ್‌ಟ್ರೇನ್ ಮಾಡುವಾ."

ಕೊನೆಗೂ ಐದೂವರೆಗೆ ಸೋಫಾದ ಮೇಲೆ ಒರಗಿದ. ತಲೆ ಕುಶನ್ನಿಗೆ ತಾಗಿತೋ ಇಲ್ಲವೋ, ಫೋನ್ ಅರಚಿತು. ಪರದೆಯ ಮೇಲೆ ರಶೀದ ಸಾಹೇಬರ ಹೆಸರು. ಸುಪ್ರೀತಾ ಓಡಿಬಂದಳು. ಅಮಿತಾ ಸೌಟು ಹಿಡಿದು ಎದುರು ನಿಂತು ಸ್ಪೀಕರ್ ಒತ್ತಿದಳು.

"ಪೃಥ್ವೀ, ಹೆಡ್ ಆಫೀಸಿನವರು ಇನ್ನೊಂದು ಲೈನಲ್ಲಿ ಇದ್ದಾರೆ, ಬೇಗ ಹೇಳು. ಸೋಮವಾರದಿಂದ ನೀನು ದುಬೈ ವರ್ಕ್‌ಶಾಪಿಗೆ ಒಂದು..."

"ಆಗುದಿಲ್ಲ ಸರ್! ಮನೆಯಲ್ಲಿ ಕೆಲಸ ಉಂಟು!"

ಸುಪ್ರೀತಾ ಎರಡೂ ಕೈಗಳನ್ನು ತಲೆಯ ಮೇಲಿಟ್ಟುಕೊಂಡಳು. ಅಮಿತಾಳ ಕೈಯಿಂದ ಸೌಟು ಜಾರಿ ಬಿತ್ತು. ಪೃಥ್ವಿರಾಜನ ಮುಖದಲ್ಲಿ ಮಾತ್ರ ಇನ್ನೂ ಗೆದ್ದ ನಗು ಇತ್ತು.

"ದುಬೈ ಬೇಡ್ವಾ?" ಎಂದರು ರಶೀದ ಸಾಹೇಬರು ಮೆಲ್ಲಗೆ. "ನಾಲ್ಕು ವರ್ಷದಿಂದ ಕೇಳ್ತಾ ಇದ್ದೆಯಲ್ಲ ಅಂತ ಮೊದಲು ನಿನ್ನ ಹೆಸರೇ ಬರ್ದಿದ್ದೆ. ಸರಿ ಮಾರಾಯ. ಯಾವತ್ತೂ ಆಗುದಿಲ್ಲ ಅನ್ನದವ ನೀನು, ಇಷ್ಟು ಖಂಡಿತ ಹೇಳ್ಬೇಕಾದ್ರೆ ಏನೋ ಕಷ್ಟ ಇರ್ಬೇಕು. ಲಿಯೊನೆಲ್‌ನ ಹೆಸರು ಕೊಡ್ತೇನೆ. ಖಲಾಸ್."

ಫೋನ್ ಕಟ್ಟಾಯಿತು. 'ದುಬೈ ವರ್ಕ್‌ಶಾಪ್' ಎಂಬ ಎರಡು ಶಬ್ದ ಅವನ ಮೆದುಳನ್ನು ತಲುಪಿದ್ದು ಆಗ. ನೋವು ಬಂದದ್ದೂ ಆಗಲೇ. ಪುಸ್ತಕದಲ್ಲಿ ಬರೆದ ಹಾಗೆಯೇ.

ಮತ್ತೆ ಮತ್ತೆ ಫೋನ್ ಹಚ್ಚಿದ. ಏಳನೇ ಸಲಕ್ಕೆ ಸಾಹೇಬರು ಎತ್ತಿದರು. "ಸರ್, ನನಗೆ ಬೇಕು ಸರ್, ಅದು ನಾನು ಹೇಳಿದ್ದಲ್ಲ, ನನ್ನ ಬೆನ್ನುಹುರಿ ಸರ್..." ಎಂದ.

"ಬೆನ್ನಿನ ತೊಂದ್ರೆಯಾ? ಛೆ, ಮೊದಲೇ ಹೇಳ್ಬಾರ್ದಾ? ರೆಸ್ಟ್ ತಗೋ. ಹೆಸರು ಹೋಗಿ ಆಯ್ತು ಮಾರಾಯ, ಇನ್ನು ಬದಲಾಯಿಸ್ಲಿಕ್ಕೆ ಮುಂದಿನ ವರ್ಷವೇ."

ಸುಪ್ರೀತಾ ಸೋಫಾದ ತುದಿಯಲ್ಲಿ ಕೂತು ಗೋಡೆ ನೋಡುತ್ತಿದ್ದಳು. ಅಳಲೂ ಇಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಅಮಿತಾ ಪುಸ್ತಕ ಮುಚ್ಚಿ, "ಸಾರಿ ಪಪ್ಪಾ," ಎಂದಳು. "ಇವತ್ತು ಊಟವಾದ್ರೂ ಒಟ್ಟಿಗೆ ಮಾಡುವಾ," ಎಂದ ಅವನು.

ಅನ್ನ ಬಡಿಸುವಾಗ ಮತ್ತೆ ಫೋನ್. ಲಿಯೊನೆಲ್. ರುವೈಸಿನಲ್ಲಿ ಇವನ ಜೊತೆ ಒಂದೇ ಕೋಣೆಯಲ್ಲಿರುವ ಶಿರ್ವದ ಒಂಟಿ ಜೀವ. ಅವನಿಗೆ ದುಬೈ ಬೇಕಾಗಿಯೂ ಇರಲಿಲ್ಲ.

"ಪೃಥ್ವೀ, ನೋಡು ಮಾರಾಯ, ನನ್ನನ್ನು ದುಬೈಗೆ ಹಾಕಿದ್ರು! ಅಲ್ಲಿ ನನಗೆ ಯಾರಿದ್ದಾರೆ? ರೂಮು ಸಿಗುವವರೆಗೆ, ಒಂದೆರಡು ತಿಂಗಳು, ನಿನ್ನ ಹಾಲ್‌ನಲ್ಲಿ ಒಂದು ಸೋಫಾ ಉಂಟಲ್ಲ, ಕಂದು ಬಣ್ಣದ್ದು..."

ಸುಪ್ರೀತಾ ಕೈ ಬೀಸಿ ಬೇಡ ಬೇಡ ಎಂದಳು. ಅಮಿತಾ ಸೌಟಿಗಾಗಿ ನೆಲದಲ್ಲಿ ಹುಡುಕಿದಳು. ಪೃಥ್ವಿರಾಜ ತುಟಿಗಳನ್ನು ಬಿಗಿಯಾಗಿ ಮುಚ್ಚಿಕೊಂಡ, ಎರಡು ಸಲ ಉಗುಳು ನುಂಗಿದ, ಈ ಸಲ ಪೂರ್ತಿ ಮೆದುಳಿಗೇ ಕೊಡುತ್ತೇನೆ ಎಂದು ಕಣ್ಣು ಮುಚ್ಚಿದ.

"ಆಯ್ತು," ಎಂದ.