ರಾಣಿಯ ಕೈಯಲ್ಲಿ ಏನಿತ್ತು?

ಹೆಂಗಸರ ಮಾನದ ಪರವಾಗಿ ಗಂಟಲು ಹರಿದುಕೊಳ್ಳುವವಳಿಗೆ ನಗೆಪಾಟಲಾಗುವ ಅವಕಾಶಕ್ಕೆ ಬರವಿಲ್ಲ. ಹುಡುಕಿಕೊಂಡು ಹೋಗಬೇಕಾಗಿಲ್ಲ, ತಾನೇ ಚಪ್ಪಲಿ ಮೆಟ್ಟಿಕೊಂಡು ಮನೆ ಬಾಗಿಲಿಗೆ ಬರುತ್ತದೆ. ನನ್ನ ಸಿಟ್ಟು ದೊಡ್ಡದು. ಮಲಯಾಳ ಸೀಮೆಯ ನಮ್ಮ ತೃಶ್ಶಿಲೇರಿಯಲ್ಲಿ ನನಗಿಂತ ಮೊದಲು ನನ್ನ ಸಿಟ್ಟು ಬಸ್ಸಿಳಿಯುತ್ತದೆ ಎನ್ನುತ್ತಾರೆ. ಎನ್ನಲಿ. ಆದರೆ ಇಲ್ಲಿ ಬರೆದಿರುವ ಫಜೀತಿಗಳಿಗೆಲ್ಲ ಕಾರಣ ಒಬ್ಬ ಕೆಟ್ಟ ಹೆಂಗಸು. ಅವಳು ಕಥೆಯೊಳಗಿನವಳು. ಅವಳಿಗಾಗಿ ಹಂಬಲಿಸಿದಷ್ಟು ನಾನು ಯಾವ ಗಂಡಸಿಗಾಗಿಯೂ ಹಂಬಲಿಸಿಲ್ಲ. ಇದು ನನ್ನ ಗಂಡನಿಗೂ ಗೊತ್ತು.

ಕಥೆಯ ಕೂಲಿ

ನಮ್ಮ ಕಡೆ ಕಾಫಿ ಕೊಯ್ಲಿಗೆ ಹೋಗುವ ಹೆಂಗಸರಲ್ಲಿ ಒಂದು ಪದ್ಧತಿ ಇದೆ. ಸಾಲಿನಲ್ಲಿ ಒಬ್ಬಳು ಕಥೆ ಹೇಳುತ್ತಾಳೆ, ಉಳಿದವರು ಕೊಯ್ಯುತ್ತಾ ಕೇಳುತ್ತಾರೆ. ಕೂಲಿ ಸಿಗುವುದು ಹಣ್ಣಿನ ತೂಕದ ಮೇಲೆ. ಬಾಯಿ ಓಡಿದಾಗ ಕೈ ನಿಧಾನವಾಗುತ್ತದಲ್ಲ, ಅದಕ್ಕೆ ಕೇಳುವವರೆಲ್ಲ ಆಗಾಗ ಒಂದೊಂದು ಹಿಡಿ ಹಣ್ಣನ್ನು ಕಥೆ ಹೇಳುವವಳ ಸೊಂಟದ ಚೀಲಕ್ಕೆ ಹಾಕಬೇಕು. ಕಥೆ ಸಪ್ಪೆಯಾದರೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಹಿಡಿ ಚಿಕ್ಕದಾಗುತ್ತದೆ ಅಷ್ಟೆ. ಇದಕ್ಕಿಂತ ಖಡಕ್ಕಾದ ವಿಮರ್ಶೆಯನ್ನು ನಾನು ಎಲ್ಲೂ ಕಂಡಿಲ್ಲ.

ನಮ್ಮ ಸಾಲಿನ ಕಥೆಗಾರ್ತಿಯನ್ನು ಎಲ್ಲರೂ ಅಕ್ಕ ಎನ್ನುತ್ತಿದ್ದೆವು. ನಮ್ಮ ಬೇಲಿಯ ಆಚೆಗೇ ಅವಳ ಮನೆ. ಆ ವರ್ಷದ ಕೊಯ್ಲಿನ ಉದ್ದಕ್ಕೂ ಅವಳು ಒಬ್ಬ ಕೆಟ್ಟ ರಾಣಿಯ ಕಥೆ ಹೇಳಿದಳು. ಅಬ್ಬಬ್ಬಾ, ಎಂಥ ರಾಣಿ! ಉಗ್ರಾಣದವನು ಅಕ್ಕಿ ಅಳೆಯುವಾಗ ಸೇರಿನೊಳಗೆ ಹೆಬ್ಬೆಟ್ಟು ಇಡುತ್ತಾನೆಂದು ಆ ಸೇರನ್ನೇ ಅವನ ತಲೆಗೆ ಕವುಚಿದವಳು. ವ್ರತ ಹಿಡಿದಿದ್ದೇನೆ ಎಂದು ಊರಿಗೆಲ್ಲ ಸಾರಿ ಅರಮನೆಯ ಹಿಂದೆ ಕೂತು ಜೇನು ಹೀರಿದವಳು. ಅವಳು ಬಾಗಿಲು ಬಡಿದರೆ ರಾಜನ ಕಿರೀಟ ಕೆಳಗೆ ಬೀಳುತ್ತಿತ್ತು. ಸಾಲಿನ ಹೆಂಗಸರು ನನ್ನ ಮುಖ ನೋಡಿ ನೋಡಿ ನಗುತ್ತಿದ್ದರು. ಎಲ್ಲರಿಗಿಂತ ಜೋರಾಗಿ ನಗುವವಳು ನಾನೇ, ಅದಕ್ಕೇ ಇರಬೇಕು ಎಂದುಕೊಂಡಿದ್ದೆ.

ಕೊಯ್ಲಿನ ಕೊನೆಯ ದಿನ ಕಥೆ ಬಿಸಿ ಏರಿತ್ತು. ಮಂತ್ರಿಗಳೆಲ್ಲ ಸೇರಿ ರಾಣಿಗೆ ಹೇಳಿದರು: "ತುಂಬಿದ ಸಭೆಯಲ್ಲಿ ರಾಜನ ಕಾಲು ಹಿಡಿ, ಇಲ್ಲವೇ ಅರಮನೆ ಬಿಡು." ರಾಣಿ ಒಳಗೆ ಹೋದಳು. ಹೊರಗೆ ಬಂದಾಗ ಒಂದು ಕೈ ಬೆನ್ನ ಹಿಂದೆ ಇತ್ತು.

"ಕೈಯಲ್ಲಿ ಏನಿತ್ತಕ್ಕ?" ಎಂದೆ.

ಅಕ್ಕ ನನ್ನನ್ನೇ ನೋಡಿದಳು. ಬಾಯಿ ತೆರೆಯುವಷ್ಟರಲ್ಲಿ ಮೇಸ್ತ್ರಿ ತೂಕಕ್ಕೆ ಸೀಟಿ ಊದಿದ. ಎಲ್ಲರೂ ಚೀಲ ಹೊತ್ತು ಓಡಿದೆವು. ಮೇಸ್ತ್ರಿ ಮಲಯಾಳಿ. ತಕ್ಕಡಿಯ ಹತ್ತಿರ ಅವನು ತಲೆ ಬಗ್ಗಿಸಿ ನನ್ನನ್ನು ಮೆಲ್ಲಗೆ ಕೇಳಿದ, ಚೊಕ್ಕ ಕನ್ನಡದಲ್ಲಿ: "ಅಲ್ಲಾ, ಕೈಯಲ್ಲಿ ಏನಿತ್ತಂತೆ?"

ಇಷ್ಟು ವರ್ಷ ನಾವು ಕನ್ನಡದಲ್ಲಿ ಅವನ ಏಳು ತಲೆಮಾರನ್ನು ಬೈದದ್ದು ಅವನಿಗೆ ಅರ್ಥವಾಗಿತ್ತು ಎಂದು ನಮಗೆ ಗೊತ್ತಾದದ್ದು ಆವತ್ತು.

ಹಸಿಮೆಣಸಿನಕಾಯಿಯ ಪೊಟ್ಟಣ

ಮಾರನೆಯ ವರ್ಷ ಕೊಯ್ಲಿಗೆ ಅಕ್ಕ ಬರಲಿಲ್ಲ. ಮಗಳ ಬಾಣಂತನಕ್ಕೆಂದು ಹೋದವಳು ಅಲ್ಲೇ ಉಳಿದಳಂತೆ. ಎಲ್ಲಿ ಎಂದರೆ ಒಬ್ಬರು ಬತ್ತೇರಿಯ ಕಡೆ ಎಂದರು, ಒಬ್ಬರು ಗಡಿಯ ಆಚೆ ಎಂದರು. ಫೋನಿನ ನಂಬರೂ ಬದಲಾಗಿತ್ತು. ಬೇಲಿಯಾಚೆಯ ಮನೆಗೆ ಬೀಗ. ಕಾಫಿ ಕೆಂಪಾಗುವ ಕಾಲ ಬಂದರೆ ಸಾಕು, ನನ್ನ ಕಿವಿ ಆ ಕಡೆಗೆ ವಾಲುತ್ತಿತ್ತು.

ಕಥೆ ಅರ್ಧಕ್ಕೆ ನಿಲ್ಲುವುದು ನನಗೆ ಹೊಸದಲ್ಲ. ಚಿಕ್ಕಂದಿನಲ್ಲಿ ನಾನು ಹೋದದ್ದು ಮಲಯಾಳ ಶಾಲೆಗೆ. ಕನ್ನಡ ಓದುವುದನ್ನು ನನಗೆ ಕಲಿಸಿದ್ದು ತರಕಾರಿ. ಗುಂಡ್ಲುಪೇಟೆ ಕಡೆಯಿಂದ ಬರುವ ಮೆಣಸಿನಕಾಯಿ, ಬೀನ್ಸುಗಳನ್ನು ಅಂಗಡಿಯವನು ಕನ್ನಡ ಪೇಪರಿನಲ್ಲಿ ಕಟ್ಟಿಕೊಡುತ್ತಿದ್ದ. ಅವ್ವ ಪೊಟ್ಟಣ ಬಿಚ್ಚಿದರೆ ನಾನು ಕಾಗದ ಹಿಡಿದು ಅಕ್ಷರ ಕೂಡಿಸುತ್ತಿದ್ದೆ. ವಾರದ ಕಥೆಗಳು ಸಿಗುತ್ತಿದ್ದವು, ಆದರೆ ಎಲ್ಲವೂ ಹರಿದವು. ನಾನು ಓದಿದ ಯಾವ ಹೆಂಗಸೂ ಕೊನೆ ಮುಟ್ಟಲಿಲ್ಲ. ಒಬ್ಬಳು ಬಾವಿಗೆ ಹಾರಲು ಹೊರಟಲ್ಲಿಗೆ ಕಾಗದ ಮುಗಿದಿತ್ತು. ಆ ಸಂಜೆಯೇ ಅಂಗಡಿಗೆ ಓಡಿದೆ.

"ಇದರ ಇನ್ನರ್ಧ ಎಲ್ಲಿ?"

ಅಂಗಡಿಯವನು ಮೂಲೆಯೆಲ್ಲ ತಡಕಿ, ನಿಜವಾದ ದುಃಖದಿಂದ ಹೇಳಿದ: "ಅದರಲ್ಲಿ ಮೇಷ್ಟ್ರ ಮನೆಗೆ ಬದನೆಕಾಯಿ ಹೋಯ್ತಲ್ಲ ಮಗಳೇ."

ಮೇಷ್ಟ್ರ ಮನೆಗೂ ಹೋದೆ. ಆ ಕಾಗದದಿಂದ ಒಲೆ ಹೊತ್ತಿಸಿಯಾಗಿತ್ತು. ಮೇಷ್ಟ್ರ ಹೆಂಡತಿ ಸಮಾಧಾನ ಮಾಡಿದರು: "ಹಾರಿರಲಾರಳು ಬಿಡು. ಒದ್ದೆಯಾಗಿದ್ದರೆ ಬೆಂಕಿ ಅಷ್ಟು ಚೆನ್ನಾಗಿ ಹೊತ್ತುತ್ತಿತ್ತಾ?"

ಒಳ್ಳೆಯವರ ಕೂಟ

ದೊಡ್ಡವಳಾದ ಮೇಲೆ ನಾನು ಹೆಂಗಸರ ಸಂಘಕ್ಕೆ ಸೇರಿದೆ. ಅದನ್ನು ಬಿಡಿಸಲೆಂದು ನಮ್ಮ ಮನೆಯಲ್ಲೂ ಒಮ್ಮೆ ಗಂಡಸರು ಗುಂಪು ಕೂಡಿದ್ದರು. ಅದು ಬೇರೆ ಮಾತು, ಬಿಡಿ. ಅಕ್ಕ ಹೋದ ಮೇಲೆ ಊರಿನ ವಾಯನಶಾಲೆಯಲ್ಲಿ, ಅಂದರೆ ನಮ್ಮ ವಾಚನಾಲಯದಲ್ಲಿ, ಹೆಂಗಸರ ಓದಿನ ಕೂಟ ಶುರುಮಾಡಿದೆ. ಕಾಲೇಜಿನಲ್ಲಿ ಪಾಠ ಮಾಡುವ ಒಬ್ಬ ಟೀಚರ್ ನೆರವಿಗೆ ಬಂದರು. ಅವರ ಮಾತು ಖಚಿತ: "ಜಗಳಗಂಟಿ, ಸುಳ್ಳುಗಾರ್ತಿ, ಹೊಟ್ಟೆಬಾಕಿ ಎಂದು ನಮ್ಮನ್ನು ಬರೆದದ್ದು ಗಂಡಸರು. ಅದನ್ನೇ ನಾವು ಓದಿ ನಗಬೇಕೇ? ಮಾದರಿ ಹೆಣ್ಣಿನ ಕಥೆ ಮಾತ್ರ ಓದೋಣ."

ನನ್ನ ರಕ್ತ ಕುದಿಯಿತು. ಮೇಜು ಗುದ್ದಿ ಒಪ್ಪಿದೆ. ಕೆಟ್ಟ ಹೆಂಗಸಿರುವ ಪುಸ್ತಕಗಳನ್ನೆಲ್ಲ ಬೇರೆ ಇಟ್ಟೆವು. ಕಪಾಟು ಖಾಲಿಯಾಯಿತು. ಉಳಿದದ್ದು ಒಂದು ಕೈತೋಟದ ಪುಸ್ತಕ ಮತ್ತು ಒಬ್ಬ ತ್ಯಾಗಮಯಿಯ ಕಥೆ.

ತ್ಯಾಗಮಯಿಯನ್ನು ಓದಿದೆ. ಅವಳು ಅತ್ತೆಗೆ ಸೇವೆ ಮಾಡಿದಳು, ಊರಿಗೆ ಶಾಲೆ ಕಟ್ಟಿಸಿದಳು, ಎಲ್ಲರನ್ನೂ ಕ್ಷಮಿಸಿದಳು, ತಾನು ಊಟ ಮಾಡಿದ್ದು ಒಂದು ಪುಟದಲ್ಲೂ ಕಾಣಲಿಲ್ಲ. ಕೂಟದಲ್ಲಿ ಅರ್ಧ ಜನ ನಿದ್ದೆ ಹೋಗಿದ್ದರು. ಒಬ್ಬಳು ಅಜ್ಜಿ ಮಾತ್ರ ಕೊನೆಯವರೆಗೂ ಕಣ್ಣು ಬಿಟ್ಟು ಕೂತಿದ್ದಳು. ಟೀಚರ್ ಸಂತೋಷದಿಂದ ಕೇಳಿದರು: "ಅಮ್ಮಾ, ಇದರಲ್ಲಿ ನಿಮಗೆ ಯಾರು ಇಷ್ಟವಾದರು?"

"ಆ ಮನೆಯ ಹಸು," ಎಂದಳು ಅಜ್ಜಿ. "ಅದೊಂದಾದರೂ ಒಮ್ಮೆ ಒದೆಯಿತಲ್ಲ."

ದನಿಯಿಲ್ಲದ ಸೀರಿಯಲ್

ಟೀವಿ ಸೀರಿಯಲ್ಲಿನ ಕೆಟ್ಟ ಸೊಸೆಯ ವಿರುದ್ಧ ನಾನು ಮನೆಮನೆಗೆ ಹೋಗಿ ಭಾಷಣ ಮಾಡಿದವಳು. ನನ್ನ ಮನೆಯಲ್ಲೇ ನೋಡುವುದು ನನ್ನ ಗಂಡ. ನನಗೆ ಹೆದರಿ ದನಿ ಪೂರ್ತಿ ತಗ್ಗಿಸಿ, ಬರೀ ಬಾಯಿ ಆಡುವುದನ್ನು ನೋಡುತ್ತಿದ್ದ. ಒಂದು ಸಂಜೆ ನಾನು ಬಾಗಿಲಲ್ಲಿ ಬಂದು ನಿಂತೆ. ಅವನು ಗಡಬಡಿಸಿ ಆರಿಸಲು ಹೋದ.

"ಆರಿಸಬೇಡ. ದನಿ ಹಾಕು," ಎಂದೆ. "ಅವಳು ಅತ್ತೆಗೆ ಏನಂದಳು ಅಂತ ನಿನ್ನೆಯಿಂದ ತಲೆ ಕೆಡ್ತಾ ಇದೆ."

ಕಲ್ಪೆಟ್ಟದ ಮೈಕು

ಕಲ್ಪೆಟ್ಟದಲ್ಲಿ ಹೆಂಗಸರ ಹಕ್ಕಿನ ಬಗ್ಗೆ ಸಭೆ. ವೇದಿಕೆಯಲ್ಲಿ ಒಬ್ಬ ಗಂಡಸು ಹೆಂಗಸರ ಪರವಾಗಿ ಮಾತಾಡಲು ನಿಂತವನು ಕೂರಲೇ ಇಲ್ಲ. ಹೆಂಗಸರು ಇನ್ನು ಸುಮ್ಮನಿರಬಾರದು ಎಂದು ಅವನು ಹೇಳುತ್ತಿದ್ದಾಗ, ಕೆಳಗೆ ನಾವೆಲ್ಲ ಸುಮ್ಮನೆ ಕೂತು ಕೇಳುತ್ತಿದ್ದೆವು. ನಾನು ಹತ್ತಿಹೋಗಿ ಮೈಕು ಕಿತ್ತುಕೊಂಡೆ. ಯಾರೋ ಫೋನಿನಲ್ಲಿ ಅದನ್ನು ಹಿಡಿದರು. ಆ ವಿಡಿಯೋ ಎಲ್ಲೆಲ್ಲಿಗೋ ಹೋಯಿತು.

ಸಭೆ ಮುಗಿದ ಮೇಲೆ ಟೀಚರ್ ಚಾಯ ಕೊಡಿಸಿದರು. "ಚೇಚಿ, ಸತ್ಯ ಹೇಳಿ," ಎಂದರು, ಮಲಯಾಳದ ರೂಢಿಯಂತೆ ನನ್ನನ್ನು ಅಕ್ಕ ಎಂದು ಕರೆಯುತ್ತಾ. "ಕಥೆಗಳಲ್ಲಿ ನಿಮಗೆ ಯಾರು ಇಷ್ಟ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. ರಾಣಿಯ ಕಥೆ ಹೇಳಿದೆ. ಸೇರು, ಜೇನು, ಕಿರೀಟ, ಬೆನ್ನ ಹಿಂದೆ ಇಟ್ಟ ಕೈ ಎಲ್ಲ. ಟೀಚರ್ ಮುಖ ಚಿಕ್ಕದು ಮಾಡಿದರು. "ಹೊಡೆಯುತ್ತಾಳೆ, ಸುಳ್ಳಾಡುತ್ತಾಳೆ, ಕದ್ದು ತಿನ್ನುತ್ತಾಳೆ. ನಮ್ಮ ಶತ್ರುಗಳು ನಮ್ಮ ಬಗ್ಗೆ ಹೇಳುವುದೂ ಇದನ್ನೇ ಅಲ್ಲವೇ?"

"ಟೀಚರ್, ಗಂಡಸರ ಕಥೆಯಲ್ಲಿ ಕಳ್ಳ ಇದ್ದಾನೆ, ಕುಡುಕ ಇದ್ದಾನೆ, ಜೂಜಿನಲ್ಲಿ ಮನೆ ಕಳೆದವನಿದ್ದಾನೆ. ಅವನನ್ನು ಓದಿ ಅಯ್ಯೋ ಪಾಪ ಎಂದು ಅಳುತ್ತಾರೆ. ಅವನ ನಡತೆಗೆ ಸರ್ಟಿಫಿಕೇಟು ಕೇಳಿದವರು ಯಾರು? ನಮ್ಮವಳು ಮಾತ್ರ ಕಥೆಯೊಳಗೆ ಬರಬೇಕಾದರೂ ಸ್ನಾನ ಮಾಡಿ, ತಲೆ ಬಾಚಿ, ಒಳ್ಳೆಯವಳಾಗಿ ಬರಬೇಕೇ? ನಾನೇನು ಅವಳನ್ನು ಮನೆಗೆ ಸೊಸೆ ಮಾಡಿಕೊಳ್ಳುತ್ತೇನಾ? ಒಳ್ಳೆಯವಳ ಎದುರು ಕೂತರೆ ನನ್ನ ಸೀರೆಯ ಕೊಳೆ ನನಗೆ ಕಾಣುತ್ತದೆ. ಆ ರಾಣಿಯ ಎದುರು ಕಾಲು ಚಾಚಿ ಕೂರಬಹುದು. ಒಮ್ಮೆ, ಒಂದೇ ಒಂದು ಸಲ, ಅವಳ ಕಥೆ ಮುಂದೇನಾಯಿತೆಂದು ಕೇಳಿ ಸತ್ತರೆ ಸಾಕು ನನಗೆ."

ಆರಿದ ಚಾಯವನ್ನು ಒಂದೇ ಗುಟುಕಿಗೆ ಕುಡಿದೆ. ಟೀಚರ್ ಚಾಯದ ದುಡ್ಡು ಕೊಟ್ಟರು. ಅವರ ಬಸ್ಸು ಬಂತು. ಹತ್ತಿ ಕೂತವರು ಇದ್ದಕ್ಕಿದ್ದಂತೆ ಕಿಟಕಿಯಿಂದ ತಲೆ ಹೊರಹಾಕಿ, ಹೊರಟ ಬಸ್ಸಿನಿಂದಲೇ ಕೂಗಿದರು: "ಚೇಚೀ! ನಿಮಗೆ ಏನನ್ನಿಸುತ್ತದೆ? ಒನಕೆಯೇ ಇರಬೇಕಲ್ಲವಾ?"

ಕೇಣಿಚಿರದ ಸಾಲು

ಆ ಚಳಿಗಾಲ ಪನಮರಂ ಬಸ್ಸಿನಲ್ಲಿ ನನ್ನ ಪಕ್ಕದಲ್ಲಿ ಒಬ್ಬಳು ಕೂತಿದ್ದಳು. ಫೋನಿನಲ್ಲಿ ಕನ್ನಡ. ನಮ್ಮ ಕಡೆ ಬಸ್ಸಿನಲ್ಲಿ ಕನ್ನಡ ಕೇಳಿದರೆ ಮುಖ ತಾನಾಗಿ ತಿರುಗುತ್ತದೆ. ಅವಳು ಯಾರಿಗೋ ನಗುತ್ತಾ ಹೇಳುತ್ತಿದ್ದಳು: "ನಿನ್ನೆ ಬರಲಿಲ್ಲವಲ್ಲೇ ನೀನು, ದಂಡ ಆಯ್ತು! ರಾಣಿ ಡಂಗುರದವನ ಕೈಯಿಂದ ಡಂಗುರಾನೇ ಕಿತ್ತುಕೊಂಡಳು!"

ರಾಣಿ ಬದುಕಿದ್ದಾಳೆ. ನನ್ನನ್ನು ಬಿಟ್ಟು ಮುಂದೆ ಹೋಗಿದ್ದಾಳೆ. ಯಾರೋ ಬೇರೆಯವರು ಅವಳ ಕಥೆ ಕೇಳುತ್ತಿದ್ದಾರೆ. ಸುಳ್ಳೇಕೆ, ಹೊಟ್ಟೆಕಿಚ್ಚಿನಿಂದ ಕಣ್ಣಲ್ಲಿ ನೀರು ಬಂತು. "ಯಾವ ತೋಟ?" ಎಂದು ಅವಳ ತೋಳು ಹಿಡಿದೆ. ಕೇಣಿಚಿರದ ಹತ್ತಿರ ಎಂದಳು. ನಾನು ಹೋಗಬೇಕಾದ ಊರು ಮರೆತು ಅವಳ ಹಿಂದೆಯೇ ಇಳಿದೆ.

ಅಕ್ಕ ಗಿಡದ ಮರೆಯಲ್ಲಿ ಕೊಯ್ಯುತ್ತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ನನ್ನನ್ನು ಕಂಡವಳೇ ಚೀಲ ಹಿಡಿದುಕೊಂಡೇ ಓಡಿಬಂದು ನನ್ನ ಕೆನ್ನೆ ಸವರಿದಳು. ಅವಳ ಬೆರಳಿಗೆ ಕಾಫಿಹಣ್ಣಿನ ಅಂಟು, ಅದೇ ವಾಸನೆ. ಹೇಗಿದ್ದೀಯಾ ಎಂದು ಕೇಳಬೇಕಿತ್ತು. ನಾನು ಕೇಳಿದ್ದು:

"ಅಕ್ಕಾ, ರಾಣಿಯ ಕೈಯಲ್ಲಿ ಏನಿತ್ತು?"

ಅಕ್ಕ ಸೊಂಟದ ಮೇಲೆ ಕೈ ಇಟ್ಟುಕೊಂಡಳು. "ನನ್ನನ್ನು ಕೇಳ್ತೀಯಾ ಮಾರಾಯ್ತಿ? ನೀನೇ ಹೇಳಬೇಕು. ಏನಿತ್ತು?"

"ನನಗೆ ಹೇಗೆ ಗೊತ್ತು?"

"ನಿನ್ನ ಕೈ ಕಣೇ ಅದು!"

ಅಕ್ಕ ಒಂದೊಂದಾಗಿ ಎತ್ತಿ ಇಟ್ಟಳು. "ರೇಷನ್ ಅಂಗಡಿಯವನ ತಲೆಗೆ ಡಬ್ಬ ಕವುಚಿದ್ದು ಯಾರು? ಉಪವಾಸ ಸತ್ಯಾಗ್ರಹ ಅಂತ ಬೋರ್ಡು ಹಾಕಿ ಮರದ ಹಿಂದೆ ಹಲಸಿನ ತೊಳೆ ನುಂಗಿದ್ದು ಯಾರು? ಬೇಲಿಯಿಂದ ಎಲ್ಲ ಕಾಣ್ತಿತ್ತು. ಮೊನ್ನೆ ಕಲ್ಪೆಟ್ಟದಲ್ಲಿ ಮೈಕು ಕಿತ್ತುಕೊಂಡದ್ದು ಮಗಳ ಫೋನಿನಲ್ಲೂ ಬಂತು."

ರಾಣಿ ಮಾಡಿದ್ದು ದುಷ್ಟತನ, ನಾನು ಮಾಡಿದ್ದು ಚಳವಳಿ ಎಂದೇ ನಂಬಿದ್ದೆ. ಎರಡೂ ಒಂದೇ ಎಂದು ಹೊಳೆದಿರಲೇ ಇಲ್ಲ.

"ಸಾಲಿನಲ್ಲಿ ಎಲ್ಲರಿಗೂ ಗೊತ್ತಿತ್ತಾ?"

"ಮೇಸ್ತ್ರಿಗೂ ಗೊತ್ತಿತ್ತು." ಅಕ್ಕ ದನಿ ತಗ್ಗಿಸಿದಳು. "ಸಂಘ ಬಿಡು, ಗಂಡನ ಕಾಲು ಹಿಡಿ ಅಂತ ನಿನ್ನ ಮನೆಯಲ್ಲಿ ಗಂಡಸರೆಲ್ಲ ಕೂಡಿದರಲ್ಲ, ಆವತ್ತು ನಾನು ಬೇಲಿ ಹತ್ತಿರ ಇದ್ದೆ. ನೀನು ಒಳಗೆ ಹೋದೆ. ಕೈ ಹಿಂದಿಟ್ಟುಕೊಂಡು ಬಂದೆ. 'ಬಿಡುವುದಿಲ್ಲ' ಅಂದೆ. ಅಷ್ಟರಲ್ಲಿ ಒಬ್ಬ ಧಡಿಯ ಅಡ್ಡ ನಿಂತ. ಏನೂ ಕಾಣಲಿಲ್ಲ. ಕೇಳಲು ಭಯ. ಅದಕ್ಕೇ ಕೊಯ್ಲಿನ ಉದ್ದಕ್ಕೂ ಕಥೆ ಎಳೆದುಕೊಂಡು ಅಲ್ಲಿಗೆ ತಂದೆ, ಈಗಲಾದರೂ ನೀನೇ ಹೇಳ್ತೀಯಾ ಅಂತ. ಕೊನೆ ಗೊತ್ತಿದ್ದವಳು ನೀನೊಬ್ಬಳು. ನೀನು ನೋಡಿದರೆ 'ಏನಿತ್ತಕ್ಕ' ಅಂತ ನನ್ನನ್ನೇ ಕೇಳಿದೆ!"

ನಾನು ಇಷ್ಟು ವರ್ಷ ಹುಡುಕಿದ ಕೊನೆ ನನ್ನ ಹತ್ತಿರವೇ ಇತ್ತು.

"ಏನೂ ಇರಲಿಲ್ಲ ಅಕ್ಕ," ಎಂದೆ. "ಕೈ ನಡುಗುತ್ತಿತ್ತು. ಅವರಿಗೆ ಕಾಣಬಾರದು ಅಂತ ಹಿಂದೆ ಇಟ್ಟುಕೊಂಡೆ."

ಅಕ್ಕ ನನ್ನ ಆ ಕೈಯನ್ನು ತೆಗೆದುಕೊಂಡು ತನ್ನ ಎರಡು ಕೈಗಳ ನಡುವೆ ಇಟ್ಟುಕೊಂಡಳು.

ಅಷ್ಟರಲ್ಲಿ ಸಾಲಿನ ಹೆಂಗಸರು ಸುತ್ತ ಸೇರಿದರು. ಬಸ್ಸಿನಲ್ಲಿ ಸಿಕ್ಕವಳು ಕೇಳಿದಳು: "ಯಾರಕ್ಕಾ ಇವರು?"

"ಇವಳೇ ರಾಣಿ," ಎಂದಳು ಅಕ್ಕ.

ಅವರೆಲ್ಲ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. "ಇಷ್ಟು ಗಿಡ್ಡವಾ?" ಎಂದಳು ಒಬ್ಬಳು. ಇನ್ನೊಬ್ಬಳು ಅವಳನ್ನು ತಳ್ಳಿ ಮುಂದೆ ಬಂದಳು. "ಅದಿರಲಿ. ಆವತ್ತು ನಿಮ್ಮ ಕೈಯಲ್ಲಿ ಏನಿತ್ತು? ಈ ಅಕ್ಕ ಮೂರು ಕೊಯ್ಲಿನಿಂದ ಸತಾಯಿಸ್ತಾ ಇದ್ದಾಳೆ."

ಅಕ್ಕ ನನ್ನ ಮುಖ ನೋಡಿದಳು. ಎಲ್ಲರೂ ಕೊಯ್ಯುವುದು ನಿಲ್ಲಿಸಿದ್ದರು. ವೇದಿಕೆಯ ಮೇಲೆ ನಾನು ಎಂದೂ ಸುಳ್ಳು ಹೇಳಿದವಳಲ್ಲ. ಆದರೆ ಅಲ್ಲಿ ವೇದಿಕೆ ಇರಲಿಲ್ಲ.

"ಒನಕೆ," ಎಂದೆ. "ಒಂದಲ್ಲ. ಎರಡು."

ಹೋ ಎಂದು ಕೂಗೆದ್ದಿತು. ನನ್ನ ಸೆರಗಿಗೆ ಹಿಡಿ ಹಿಡಿ ಕೆಂಪು ಹಣ್ಣು ಬಂದು ಬಿತ್ತು. ಭಾರಕ್ಕೆ ಸೆರಗು ಜಗ್ಗಿತು. ಅಕ್ಕ ಪಕ್ಕಕ್ಕೆ ಬಂದು ತನ್ನ ಚೀಲದ ಬಾಯಿ ಅಗಲಿಸಿ, ಕಿವಿಯಲ್ಲಿ ಹೇಳಿದಳು:

"ಅರ್ಧ ಇದಕ್ಕೆ ಹಾಕು. ನಿನ್ನನ್ನು ರಾಣಿ ಮಾಡಿದವಳು ನಾನು."