ಲ್ಯಾಟಿನ್ ತರಗತಿಗೆ ಒಬ್ಬಳೇ

ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಪದಗಳೂ ಅಷ್ಟಕ್ಕಷ್ಟೇ. ಓದುವವರು ದಯವಿಟ್ಟು ಹೊಂದಿಸಿಕೊಳ್ಳಬೇಕು. ನಾನು ನಡುವೆಯೇ ಶಾಲೆ ಬಿಟ್ಟವಳು. ಹಗಲು ಚಿಕ್ಕಮ್ಮನ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತೇನೆ, ಸಂಜೆಶಾಲೆಯಲ್ಲಿ ಲ್ಯಾಟಿನ್ ಕಲಿಯುತ್ತೇನೆ. ಮತ್ತೆ ಬೆಂಚಿನ ಮೇಲೆ ಕೂರಲು ನನಗೆ ಧೈರ್ಯ ಬಂದದ್ದು ಅಲ್ಲಿ ಮಾತ್ರ, ಏಕೆಂದರೆ ನಾನು ತಪ್ಪಿದರೆ ನಗಲು ಅಲ್ಲಿ ಬೇರೆ ಯಾರೂ ಇಲ್ಲ. ನಿನ್ನೆ ಹೋದಾಗ ಗುಮಾಸ್ತರು ಬೀಗ ಹಿಡಿದು ನಿಂತಿದ್ದರು. ಮೇಷ್ಟ್ರು ಬಾಗಿಲಿಗೆ ಅಡ್ಡಲಾಗಿದ್ದರು.

ಗುಮಾಸ್ತ: ನಿಯಮ ನಿಯಮವೇ ಮೇಷ್ಟ್ರೇ. ಬೆಂಚಿನ ಮೇಲೆ ಇಬ್ಬರಾದ್ರೂ ಇರಬೇಕು. ನಿಮಗಿರೋದು ಇವಳೊಬ್ಬಳು.

ಮೇಷ್ಟ್ರು: ಒಬ್ಬಳು ಅಂತ ಅಷ್ಟು ಹಗುರವಾಗಿ ಹೇಳ್ಬೇಡಿ. ಲ್ಯಾಟಿನ್‌ನಲ್ಲಿ ಒಂದಕ್ಕೆ ಊನುಸ್ ಅಂತಾರೆ. ದೊಡ್ಡ ಪದ.

ಗುಮಾಸ್ತ: ಎಷ್ಟು ದೊಡ್ಡದು? ಎರಡರಷ್ಟಾ?

ಮೇಷ್ಟ್ರು: ಅದಕ್ಕೆ ಬಹುವಚನವೂ ಇದೆ.

ಗುಮಾಸ್ತ: ಒಂದಕ್ಕೆ ಬಹುವಚನ. ಆ ಭಾಷೆ ಯಾಕೆ ಸತ್ತುಹೋಯ್ತು ಅಂತ ಈಗ ಗೊತ್ತಾಯ್ತು.

ಮೇಷ್ಟ್ರು: ಸೈನ್ಯದ ಪಾಳೆಯ ಒಂದೇ ಇದ್ರೂ ಬಹುವಚನದಲ್ಲೇ ಹೇಳೋರು. ಅದರ ಜೊತೆ ಹೇಳೋಕೆ ಒಂದರ ಬಹುವಚನ ಬೇಕಾಗ್ತಿತ್ತು.

ಗುಮಾಸ್ತ: ಪಾಳೆಯ ಹೂಡೋದಾದ್ರೆ ಮೈದಾನಕ್ಕೆ ಹೋಗಿ. ಈ ಕೋಣೆ ನಾಳೆಯಿಂದ ಟೈಪಿಂಗ್‌ನವರಿಗೆ.

ಟೈಪಿಂಗ್ ತರಗತಿಯವರ ನಗು ಮೆಟ್ಟಿಲವರೆಗೂ ಕೇಳಿಸುತ್ತದೆ.

ಮೇಷ್ಟ್ರು: ಊನುಸ್ ಎತ್ ಆಲ್ತೆರ್ ಅಂತ ಒಂದು ಮಾತಿದೆ. ಒಬ್ಬ ಮತ್ತು ಇನ್ನೊಬ್ಬ, ಅಂದ್ರೆ ಒಂದಿಬ್ಬರು. ನಿಮ್ಮ ನಿಯಮಕ್ಕೆ ಅಷ್ಟು ಸಾಕಲ್ವಾ?

ಗುಮಾಸ್ತ: ಧಾರಾಳವಾಗಿ ಸಾಕು. ಎಲ್ಲಿ, ಆ ಇನ್ನೊಬ್ಬರನ್ನ ತೋರಿಸಿ.

ಮೇಷ್ಟ್ರು: ಬರ್ತಾರೆ.

ಗುಮಾಸ್ತ: ನನ್ನ ಕಿವಿಗೆ ಹೂ ಇಡಬೇಡಿ. ಹೋದ ವರ್ಷವೂ ಬರ್ತಾರೆ ಅಂದ್ರಿ, ಇದ್ದವರೂ ಹೋದ್ರು. ಎಲ್ಲರೂ ಹೋದ್ರು ಅನ್ನೋಕೂ ನಿಮ್ಮ ಊನುಸ್ ಬರುತ್ತೋ?

ಮೇಷ್ಟ್ರಿಗೆ ಗೊತ್ತಿರುವುದನ್ನು ಯಾರಾದರೂ ಕೇಳಿದರೆ ಸುಮ್ಮನಿರಲು ಆಗುವುದಿಲ್ಲ, ಕೇಳಿದವರು ಗುಮಾಸ್ತರಾದರೂ.

ಮೇಷ್ಟ್ರು: ಬರುತ್ತೆ. ಆದ್ ಊನುಮ್ ಓಮ್ನೇಸ್. ಒಬ್ಬರೂ ಉಳಿಯದ ಹಾಗೆ ಎಲ್ಲರೂ.

ಗುಮಾಸ್ತ: ನಿಮ್ಮ ಪಾಠ ಕೇಳಿಯೇ ಹುಟ್ಟಿದ ಮಾತಿರಬೇಕು.

ಮೇಷ್ಟ್ರು: ಒಬ್ಬರೂ ಉಳಿಯದ ಹಾಗೆ ಅಂದೆ. ಇವಳು ಉಳಿದಿದ್ದಾಳೆ.

ಗುಮಾಸ್ತ: ಹಾಗಾದ್ರೆ ಇವಳನ್ನೇ ಕೇಳೋಣ. ಏನಮ್ಮಾ, ಟೈಪಿಂಗ್ ಕಲಿತ್ರೆ ಕೆಲಸ ಸಿಗುತ್ತೆ. ಇದನ್ನ ಕಲಿತು ಯಾರ ಹತ್ರ ಮಾತಾಡ್ತೀಯ?

ನಾನು: ಯಾರ ಹತ್ರನೂ ಇಲ್ಲ ಸರ್. ಅದಕ್ಕೇ ಇಷ್ಟ.

ಗುಮಾಸ್ತ: ಗುರುಶಿಷ್ಯರು ಒಂದೇ ಅಚ್ಚು. ದಾರಿ ಬಿಡಿ ಮೇಷ್ಟ್ರೇ.

ಮೇಷ್ಟ್ರು: ತಡೀರಿ. ಬೆಂಚಿನ ಮೇಲೆ ಕೂರೋಕೆ ವಯಸ್ಸಿನ ಮಿತಿ ಇದೆಯಾ?

ಗುಮಾಸ್ತ: ಸಂಜೆಶಾಲೆಗೆ ಎಂಥ ವಯಸ್ಸು?

ಮೇಷ್ಟ್ರು: ಪಾಠ ಯಾರು ಮಾಡಬೇಕು ಅಂತ ನಿಯಮ ಇದೆಯಾ?

ಗುಮಾಸ್ತ: ಅದಕ್ಕೇನು ನಿಯಮ? ಗೊತ್ತಿರೋರು ಮಾಡ್ತಾರೆ.

ಮೇಷ್ಟ್ರು ನನ್ನನ್ನು ಒಳಗೆ ಕರೆದು ಬೆಂಚಿನ ಮೇಲೆ ಕೂರಿಸಿದರು. ತಾವೂ ಪಕ್ಕದಲ್ಲಿ ಕೂತು ಕೈಕಟ್ಟಿಕೊಂಡರು. ಗುಮಾಸ್ತರು ಬೀಗ ಹಿಡಿದೇ ಹಿಂದೆ ಒಳಗೆ ಬಂದರು.

ಮೇಷ್ಟ್ರು: ಇಬ್ಬರಾದೆವು. ನಾನು ಇವತ್ತಿನಿಂದ ವಿದ್ಯಾರ್ಥಿ, ಇವಳು ನಮ್ಮ ಟೀಚರ್.

ಗುಮಾಸ್ತ: ಬಹಳ ಜಾಣರು. ಇವಳು ಪಾಠ ಮಾಡೋಕೆ ಎದ್ದಳೋ, ಬೆಂಚಿನ ಮೇಲೆ ಮತ್ತೆ ಒಬ್ಬರೇ. ಬೀಗ.

ಮೇಷ್ಟ್ರು: ಏಳೋದಿಲ್ಲ. ಕೂತೇ ಹೇಳಿಕೊಡ್ತಾಳೆ. ನಿಂತು ಮಾತಾಡೋಕೆ ಹೇಗೂ ಅವಳಿಗೆ ನಾಚಿಕೆ.

ಅದು ನಿಜ. ಕೂತಲ್ಲೇ ಆದರೆ ನಾನು ಹೇಳಬಲ್ಲೆ ಎಂದು ಆಗ ಅನ್ನಿಸಿತು.

ನಾನು: ಊನುಸ್ ಅಂದ್ರೆ ಒಂದು. ಅದನ್ನ ಬೋರ್ಡಿನ ಮೇಲೆ ಬರೀಬೇಕು.

ಮೇಷ್ಟ್ರು: ಬರೀಲೇಬೇಕು. ಇಲ್ಲದಿದ್ರೆ ನನ್ನಂಥ ದಡ್ಡನಿಗೆ ತಲೆಗೆ ಹತ್ತಲ್ಲ.

ಗುಮಾಸ್ತ: ಇಬ್ಬರೂ ಏಳೋ ಹಾಗಿಲ್ಲ. ಬೋರ್ಡಿನ ಮೇಲೆ ಯಾರು ಬರೀತಾರೆ, ನಿಮ್ಮ ತಾತನಾ?

ಮೇಷ್ಟ್ರು: ಈ ಕೋಣೆಯಲ್ಲಿ ನಿಂತಿರೋರು ನೀವೊಬ್ಬರೇ ಗುಮಾಸ್ತರೇ.

ಗುಮಾಸ್ತರು ಬಾಗಿಲು ನೋಡಿದರು, ಬೆಂಚು ನೋಡಿದರು. ಬೀಗವನ್ನು ಮೇಜಿನ ಮೇಲೆ ಕುಕ್ಕಿ ಸೀಮೆಸುಣ್ಣ ತೆಗೆದುಕೊಂಡರು.

ಗುಮಾಸ್ತ: ಬೇಗ ಹೇಳಮ್ಮಾ. ಊ ದೀರ್ಘವೋ, ಹ್ರಸ್ವವೋ?

ನಾಳೆ ಎರಡು ಎನ್ನುವ ಪದದ ಪಾಠ ಮಾಡಬೇಕು. ಇಸ್ತ್ರಿ ಕೆಲಸ ಮುಗಿಸಿ ಅದನ್ನು ಓದಿಕೊಳ್ಳುತ್ತೇನೆ.